ನೀಲಿ ಟಾರ್ಪಾಲು

ಮೇ ಮೂವತ್ತೊಂದು, ಅಂಗಡಿ ಮುಚ್ಚುವ ಹೊತ್ತು.
ನಾಲ್ಕನೇ ಸಾಲಿನ ಕಪಾಟಿಗೆ ನೀಲಿ ಟಾರ್ಪಾಲು ಎಳೆಯುವುದು ನನ್ನ ಕೆಲಸ.
ಹನ್ನೊಂದು ವರ್ಷವಾಯಿತು. ಹಗ್ಗ ಅದೇ, ಗಂಟೂ ಅದೇ.
ಚೀಲದ ಮೇಲೆ ನಗುವ ಮಗು, ನಾಯಿಮರಿ, ಬರಿಗಾಲಿಗೆ ಹಿತವಾದ ಹುಲ್ಲು
ಎಲ್ಲ ಒಳಗೆ, ಸೆಪ್ಟೆಂಬರ್ ಮುಗಿಯುವ ತನಕ.
ಮೇಲೊಂದು ರಟ್ಟು: ಪಟ್ಟಣ ಸಭೆಯ ಆಜ್ಞೆ,
ಮಳೆಗಾಲದಲ್ಲಿ ಹುಲ್ಲಿಗೆ ಗೊಬ್ಬರವಿಲ್ಲ.

ಧಣಿ ವಿಲ್ಬರ್ನ್ ಪ್ರೂಯಿಟ್ ಪ್ರತಿವರ್ಷ ಗೊಣಗುತ್ತಾನೆ:
"ಸತ್ತವರ ಮುಖಕ್ಕೆ ಬಟ್ಟೆ ಎಳೆದ ಹಾಗೆ ಎಳೀತೀಯಲ್ಲ, ಒರ್ಲೀನ್."
ಬೇರೆ ಹೇಗೆ ಎಳೆಯುವುದು?

ಆಜ್ಞೆಯಾದ ರಾತ್ರಿ ನಾನೂ ಇದ್ದೆ, ಗ್ರಂಥಾಲಯದ ಹಿಂದಿನ ಹಾಲಿನಲ್ಲಿ.
ಒಬ್ಬೊಬ್ಬರಿಗೆ ಮೂರು ನಿಮಿಷ. ಕೊರಗುಟ್ಟುವ ಮೈಕು.
ಗಾಲ್ಫ್ ಮೈದಾನದ ವಕೀಲ ಐದು ತೆಗೆದುಕೊಂಡ.
ಏಡಿ ಹಿಡಿಯುವ ಮುದುಕ ಕ್ಲೀಟಸ್ ಬೋಡಿ ಒಂದೂ ಮುಗಿಸಲಿಲ್ಲ.
ಗಾಜಿನ ಜಾಡಿಯೊಂದನ್ನು ಮೇಜಿನ ಮೇಲಿಟ್ಟ.
ಲಗೂನಿನ ನೀರು; ಬಟಾಣಿ ಸಾರಿನ ಬಣ್ಣ.
"ಎಂಟಡಿ ಕೆಳಗೆ ಬಿದ್ದ ಚಾಕು ನನ್ನಪ್ಪನಿಗೆ ಇದರಲ್ಲಿ ಕಾಣುತ್ತಿತ್ತು" ಅಂದ.
ಕೂತ.
ಮೂರಕ್ಕೆ ಎರಡು ಮತ. ಜಾಡಿ ಅಲ್ಲೇ ಉಳಿಯಿತು,
ಬೆಳಿಗ್ಗೆ ಗುಡಿಸಲು ಬಂದವನು ಸಿಂಕಿಗೆ ಸುರಿದನಂತೆ.

ನಮ್ಮ ಫ್ಲೋರಿಡಾದಲ್ಲಿ ಬೇಸಗೆಯೇ ಮಳೆಗಾಲ.
ಮೂರಕ್ಕೆ ಕಪ್ಪಾಗಿ, ನಾಲ್ಕಕ್ಕೆ ಸುರಿದು,
ಐದಕ್ಕೆ ಏನೂ ಅರಿಯದವನಂತೆ ಬಿಸಿಲು.
ಮರಳು ನೆಲ, ಯಾವುದನ್ನೂ ಹಿಡಿದಿಡಲಾರದು.
ಉಂಡೂ ಹೋದ ಕೊಂಡೂ ಹೋದ ಅನ್ನುವುದು ಈ ಮಳೆಯನ್ನೇ:
ಹುಲ್ಲು ಬಾಯಿ ತೆರೆಯುವುದರೊಳಗೆ ಹರಳೆಲ್ಲ ಕರಗಿ
ಚರಂಡಿಗೆ, ಕಾಲುವೆಗೆ, ಲಗೂನಿಗೆ.
ದಂಡೆಯ ಹುಲ್ಲಿಗೆ ಬಡಿಸಿದ್ದು ನೀರಿನ ಪಾಚಿಗೆ ಔತಣ.
ಪಾಚಿ ಹಬ್ಬಿ ಬೆಳಕು ಮುಚ್ಚಿದರೆ
ತಳದಲ್ಲಿರುವ ಇನ್ನೊಂದು ಹುಲ್ಲು, ಕಡಲಹುಲ್ಲು,
ಬೇರು ಬಿಟ್ಟು ತೇಲುತ್ತದೆ.
ಅದನ್ನೇ ನಂಬಿದ್ದ ಕಡಲಹಸು ಒಂದು ಚಳಿಗಾಲ
ದೋಣಿಕಟ್ಟೆಯ ಕಂಬವನ್ನು ತುಟಿಯಿಂದ ತಡವುತ್ತಿತ್ತು.
ಕತ್ತಿನ ಹಿಂದೆ ಗುಳಿ ಬಿದ್ದಿತ್ತು.

ಇಷ್ಟೆಲ್ಲ ಗೊತ್ತಿದ್ದವಳೇ ನಾನು.

ಮೂರು ವರ್ಷದ ಹಿಂದೆ, ಜೂನ್ ಆರು.
ಹಿಂಬಾಗಿಲಲ್ಲಿ ಎಮೆಟ್ ಸ್ಟ್ರಿಕ್‌ಲ್ಯಾಂಡ್, ಟೋಪಿ ಕೈಯಲ್ಲಿ.
ಹತ್ತೊಂಬತ್ತಕ್ಕೆ ಮಗಳ ಮದುವೆ, ಮನೆಯಂಗಳದಲ್ಲೇ;
ಅಂಗಳದ ತುಂಬ ಹಳದಿ ಕಲೆ.
ಚಂಡಮಾರುತದ ರಾತ್ರಿ ನನ್ನಮ್ಮನನ್ನು ಆಸ್ಪತ್ರೆಗೆ ಒಯ್ದದ್ದು ಅವನ ಟ್ರಕ್ಕು.
ಅದನ್ನು ಅವನು ನೆನಪಿಸಲಿಲ್ಲ. ನೆನಪಿಸಿದ್ದರೆ ಇಲ್ಲವೆನ್ನುತ್ತಿದ್ದೆನೇನೋ.
"ಇಷ್ಟು ನೀರಿಗೆ ಒಂದು ಚೀಲ ಯಾವ ಲೆಕ್ಕ?" ಅಂದ.
ಗಂಟು ಬಿಚ್ಚಿದೆ.
ಇಪ್ಪತ್ತೊಂಬತ್ತು, ಸೊನ್ನೆ, ನಾಲ್ಕು:
ಚೀಲದ ಅಂಕಿಗಳು ಲಾಟರಿ ನಂಬರಿನಂತೆ ಇನ್ನೂ ಬಾಯಿಗೆ ಬರುತ್ತವೆ.

ಆ ರಾತ್ರಿ ಎರಡಿಂಚು ಮಳೆ.

ಮದುವೆ ಚೆನ್ನಾಯಿತು. ಫೋಟೋ ಕಳಿಸಿದ್ದಾಳೆ ಹುಡುಗಿ, ಜೂನೆಲ್;
ಗಲ್ಲಾಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿದ್ದೇನೆ.
ಬಿಳಿ ಉಡುಗೆಯ ಅಂಚಿಗೆ ಕಣ್ಣು ಕುಕ್ಕುವ ಹಸಿರು.
ಆಗಸ್ಟಿನಲ್ಲಿ ಮೀನು ಮೇಲೆ ಬಂದವು, ಹೊಟ್ಟೆ ಮೇಲಾಗಿ,
ಎಮೆಟ್‌ನ ಕಟ್ಟೆಯಿಂದ ಕ್ಲೀಟಸ್‌ನ ಕಟ್ಟೆಯವರೆಗೆ.
ವಾರವಿಡೀ ಊರೆಲ್ಲ ಕಿಟಕಿ ಮುಚ್ಚಿ ಕೂತಿತು.
ಆ ಒಂದು ಚೀಲದಿಂದ ಎಂದು ಯಾವ ಪ್ರಯೋಗಾಲಯವೂ ಹೇಳಲಾರದು.
ಅಲ್ಲ ಎಂದೂ ಹೇಳಲಾರದು.
ಹನಿಗೂಡಿದರೆ ಹಳ್ಳ, ಸರಿ;
ಹಳ್ಳದ ಮುಂದೆ ನಿಂತು ನನ್ನ ಹನಿ ಯಾವುದೆಂದು ಯಾರನ್ನು ಕೇಳಲಿ?

ಇವತ್ತು ಟಾರ್ಪಾಲಿನ ಒಂದು ತುದಿ ಹಿಡಿದು ಏಣಿಯ ಮೇಲಿದ್ದೆ.
ಇನ್ನೊಂದು ತುದಿ ತಾನಾಗಿ ಎದ್ದಿತು.
ಬಗ್ಗಿ ನೋಡಿದರೆ ಎಮೆಟ್.
ಮಾತಿಲ್ಲದೆ ಎಳೆದ, ಸುಕ್ಕು ಸರಿಮಾಡಿದ,
ದೋಣಿ ಕಟ್ಟುವ ಗಂಟು ಹಾಕಿದ. ನನ್ನದಕ್ಕಿಂತ ಬಿಗಿ.
ಆಮೇಲೆ ಇಲಿಬೋನಿನ ಬೆಲೆ ಕೇಳಿದ.
ಹೇಳಿದೆ.